"ಇದರಾಗ ಏನ್ ಬರದಾರ್ರಿ ಸರ್?"

ಪುಣೆಯ ಭೋಸರಿ ಎಂಐಡಿಸಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆ. ಅಲ್ಲಿನ ಎಚ್‌ಆರ್ ವಿಭಾಗಕ್ಕೆ ನಾನು ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಒಂದು ಮಧ್ಯಾಹ್ನ, ಸೆಕೆಂಡ್ ಶಿಫ್ಟ್ ಶುರುವಾಗುವ ಹೊತ್ತಿಗೆ, ಇಂಡಿ ತಾಲ್ಲೂಕಿನ ಹುಡುಗನೊಬ್ಬ ನನ್ನ ಮೇಜಿನ ಮುಂದೆ ನಿಂತ. ನೇಮಕಾತಿ ಪತ್ರಕ್ಕೆ ಆಗಲೇ ಸಹಿ ಹಾಕಿದ್ದ. ನಾನು ವಿಜಯಪುರದವನೆಂದು ಯಾರೋ ಹೇಳಿದ್ದರಂತೆ. ಮೆಲ್ಲಗೆ ಕೇಳಿದ: "ಸರ್, ಇದರಾಗ ಏನ್ ಬರದಾರ್ರಿ? ಅಕ್ಷರ ಓದಾಕ ಬರ್ತಾವು, ಅರ್ಥ ಆಗವಲ್ದು."

ಪತ್ರ ಮರಾಠಿಯಲ್ಲಿತ್ತು. ಏಳು ತಿಂಗಳ ತಾತ್ಕಾಲಿಕ ಕೆಲಸ, ಇಂಥ ತಾರೀಖಿಗೆ ತಾನಾಗಿಯೇ ಮುಗಿಯುತ್ತದೆ ಎಂದಿತ್ತು. "ಏಳು ತಿಂಗಳ ಕೆಲಸಪ್ಪ. ಚಲೋ ಮಾಡಿದ್ರ ಮತ್ತ ಕರೀತಾರ" ಎಂದೆ. ಅವನು ಖುಷಿಯಿಂದ ಹೋದ. ಏಳೇ ತಿಂಗಳು ಯಾಕೆ ಎಂಬುದನ್ನು ಮಾತ್ರ ನಾನು ಹೇಳಲಿಲ್ಲ.

ಅದರ ಹಿಂದೆ 240 ಎಂಬ ಸಂಖ್ಯೆಯಿದೆ. ಕಾರ್ಖಾನೆಗಳಲ್ಲಿ ಕೆಲಸದ ಷರತ್ತುಗಳನ್ನು ಬರೆದಿಡಲೇಬೇಕೆಂದು 1946ರಲ್ಲಿ ಒಂದು ಕಾನೂನು ಬಂತು. ಹಾಗೆ ಬರೆದಿಟ್ಟ ಷರತ್ತುಗಳಿಗೆ ಸ್ಟ್ಯಾಂಡಿಂಗ್ ಆರ್ಡರ್ ಎನ್ನುತ್ತಾರೆ. ಕೆಲಸದ ವೇಳೆ, ರಜೆ, ಶಿಸ್ತುಕ್ರಮ, ವಜಾ ಎಲ್ಲವೂ ಅದರಲ್ಲಿರಬೇಕು. ಮಹಾರಾಷ್ಟ್ರದ ಮಾದರಿ ಸ್ಟ್ಯಾಂಡಿಂಗ್ ಆರ್ಡರ್ ಪ್ರಕಾರ, ತಾತ್ಕಾಲಿಕ ಕಾರ್ಮಿಕ 12 ತಿಂಗಳಲ್ಲಿ 240 ದಿನ ಕೆಲಸ ಪೂರೈಸಿದರೆ ಅವನನ್ನು ಕಾಯಂ ಮಾಡಬೇಕು. ಏಳು ತಿಂಗಳೆಂದರೆ ಸುಮಾರು 210 ದಿನ. ಅಷ್ಟಕ್ಕೇ ಬ್ರೇಕ್ ಕೊಟ್ಟರೆ ಲೆಕ್ಕ 240ಕ್ಕೆ ಮುಟ್ಟುವುದೇ ಇಲ್ಲ.

ಕಾಯಂ ಮಾಡುವುದನ್ನು ತಪ್ಪಿಸಲೆಂದೇ ಜನರನ್ನು ವರ್ಷಗಟ್ಟಲೆ ತಾತ್ಕಾಲಿಕವಾಗಿ ಇಟ್ಟುಕೊಳ್ಳುವುದನ್ನು ಮಹಾರಾಷ್ಟ್ರದ 1971ರ ಕಾಯ್ದೆ ಅನುಚಿತ ಕಾರ್ಮಿಕ ಪದ್ಧತಿ ಎಂದೇ ಕರೆದಿದೆ. ಆದರೆ ಆ ಉದ್ದೇಶವನ್ನು ಸಾಬೀತು ಮಾಡುವವರು ಯಾರು? ನನ್ನ ಫೈಲಿನಲ್ಲಿ ಪ್ರತಿ ಪತ್ರಕ್ಕೂ ಸಹಿಯಿತ್ತು, ಪ್ರತಿ ರಿಜಿಸ್ಟರೂ ಭರ್ತಿಯಾಗಿತ್ತು. ತಪಾಸಣೆಗೆ ಬಂದವರಿಗೆ ತೋರಿಸಲು ಎಲ್ಲವೂ ಸರಿಯಾಗಿತ್ತು.

ಆ ಹುಡುಗ ಮೂರು ಸಲ ಬಂದ, ಮೂರು ಸಲವೂ ಏಳೇಳು ತಿಂಗಳು ದುಡಿದ. ಬ್ರೇಕ್ ಸಿಕ್ಕಾಗ ಊರಿಗೆ ಹೋಗಿ ತೊಗರಿ ರಾಶಿ ಮಾಡಿ ಬರುತ್ತಿದ್ದ. ಬ್ರೇಕ್ ಪತ್ರಗಳನ್ನು ಟೈಪ್ ಮಾಡಿಸಿದವನು ನಾನೇ. ನಾಲ್ಕನೆಯ ಸಲ ಅವನಿಗೆ ಕರೆ ಹೋಗಲಿಲ್ಲ. ಗೇಟಿನ ಬಳಿ ಸಿಕ್ಕು ಕೇಳಿದ: "ಇಷ್ಟ ದಿನ ದುಡದೀನಲ್ರಿ, ಕಾಯಂ ಆಗೂದಿಲ್ಲೇನ್ರಿ?" ಸಂಬಳದ ಚೀಟಿಗಳನ್ನು ಅವನು ಇಟ್ಟುಕೊಂಡಿರಲಿಲ್ಲ. ಗುರುತಿನ ಚೀಟಿಯನ್ನು ನಾವೇ ವಾಪಸ್ ಪಡೆದಿದ್ದೆವು. ಮೊದಲ ದಿನ ನಾನು ನುಂಗಿಕೊಂಡ ಅರ್ಧ ಮಾತು ಅವತ್ತು ಗಂಟಲಲ್ಲಿ ಸಿಕ್ಕಿಕೊಂಡಿತು.

ಚೀಟಿ ಯಾಕೆ ಮುಖ್ಯವೆಂದರೆ, 2002ರಲ್ಲಿ ಕರ್ನಾಟಕದ ಅರಣ್ಯ ಇಲಾಖೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟಪಡಿಸಿತು. 240 ದಿನ ದುಡಿದಿದ್ದೇನೆ ಎಂದು ತೋರಿಸುವ ಹೊಣೆ ಕಾರ್ಮಿಕನದೇ, ಬರೀ ಪ್ರಮಾಣಪತ್ರ ಸಲ್ಲಿಸಿದರೆ ಸಾಲದು.

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರ ನೇಮಕಾತಿ ಪತ್ರ ಕಡ್ಡಾಯ. ನಿಗದಿತ ಅವಧಿಗೆ ಸೇರಿದವರಿಗೂ ಅದೇ ಕೆಲಸದ ಕಾಯಂ ನೌಕರರಷ್ಟೇ ವೇತನ, ಸೌಲಭ್ಯ ಕೊಡಬೇಕು. ವರ್ಷ ತುಂಬಿದರೆ ಅವರಿಗೆ ಗ್ರಾಚ್ಯುಟಿಯೂ ಉಂಟು. ಏಳು ತಿಂಗಳಿಗೇ ಕೆಲಸ ಮುಗಿದವನಿಗೆ ಆ ವರ್ಷ ತುಂಬುವುದು ಹೇಗೆ ಎಂಬ ಪ್ರಶ್ನೆ ಹಾಗೇ ಉಳಿದಿದೆ. ಇನ್ನೊಂದು ಕಡೆ, ಹಿಂದೆ 100 ಜನರಿದ್ದ, ಮಹಾರಾಷ್ಟ್ರದಲ್ಲಾದರೆ 50 ಜನರಿದ್ದ ಕಾರ್ಖಾನೆಗೂ ಅನ್ವಯಿಸುತ್ತಿದ್ದ ಸ್ಟ್ಯಾಂಡಿಂಗ್ ಆರ್ಡರ್ ನಿಯಮ ಈಗ 300 ಕಾರ್ಮಿಕರಿರುವ ಕಡೆಗೆ ಸರಿದಿದೆ. ಹಾಗಾಗಿ ಸಣ್ಣ ಕಾರ್ಖಾನೆಗಳಲ್ಲಿ ನೇಮಕಾತಿ ಪತ್ರದ ತೂಕ ಇನ್ನೂ ಹೆಚ್ಚಿದೆ.

ಹಳೆಯ ಕಾನೂನಿನಲ್ಲಿ ನನಗೆ ಹಿಡಿಸಿದ್ದ ಮಾತೊಂದಿತ್ತು. ಷರತ್ತುಗಳನ್ನು ಇಂಗ್ಲಿಷಿನಲ್ಲೂ, ಬಹುಪಾಲು ಕಾರ್ಮಿಕರಿಗೆ ಅರ್ಥವಾಗುವ ಭಾಷೆಯಲ್ಲೂ ಬಾಗಿಲ ಬಳಿ ಹಾಕಬೇಕು. ಪುಣೆಯಲ್ಲಿ ಆ ಭಾಷೆ ಮರಾಠಿ, ಅದು ಸರಿಯೇ. ಆದರೆ ಅಫಜಲಪುರ, ಸಿಂದಗಿ, ಔರಾದ್ ಕಡೆಯಿಂದ ಬಂದವರಿಗೆ ಅದನ್ನು ಬಿಡಿಸಿ ಹೇಳಬೇಡಿ ಎಂದು ಯಾವ ಕಾನೂನೂ ಹೇಳಿಲ್ಲ.

ಈಗ ನಾನು ಬೇರೆ ಕಡೆ ಇದ್ದೇನೆ. ನಮ್ಮ ಕಡೆಯ ಹುಡುಗರು ಸೇರುವ ದಿನ ಹತ್ತು ನಿಮಿಷ ಕೂರಿಸಿಕೊಂಡು ಪತ್ರವನ್ನು ಕನ್ನಡದಲ್ಲಿ ಹೇಳುತ್ತೇನೆ. ಕೊನೆಯ ತಾರೀಖು ಯಾವುದು, ಅದು ಯಾಕೆ ಅಲ್ಲೇ ಇದೆ ಎಂಬುದನ್ನೂ ಸೇರಿಸಿ. ಆಮೇಲೆ ಮೂರು ಮಾತು: ಸಹಿ ಹಾಕಿದ ಪ್ರತಿಯೊಂದು ಕಾಗದದ ಫೋಟೊ ತೆಗೆದು ಊರಿಗೆ ಕಳಿಸಿ. ಸಂಬಳದ ಚೀಟಿ ಹರಿಯಬೇಡಿ. ಪಿಎಫ್‌ನ ಯುಎಎನ್ ನಂಬರ್ ನಿಮ್ಮದೇ ಮೊಬೈಲ್‌ಗೆ ಜೋಡಿಸಿ, ಪಾಸ್‌ಬುಕ್‌ನಲ್ಲಿ ತಿಂಗಳು ತಿಂಗಳು ಹಣ ಬಿದ್ದಿದೆಯೇ ನೋಡಿ. ನೀವು ದುಡಿದಿರಿ ಎಂಬುದಕ್ಕೆ ನಾಳೆ ಅದೇ ಸಾಕ್ಷಿ.

ಇಂಡಿಯ ಹುಡುಗನಿಗೆ ಇಷ್ಟನ್ನು ಅಂದೇ ಹೇಳಬಹುದಿತ್ತು. ಅದಕ್ಕೂ ಹತ್ತೇ ನಿಮಿಷ ಸಾಕಾಗುತ್ತಿತ್ತು.