ಸೀಸ ಮುಟ್ಟಿದ ಕೈ

1776ರ ಜುಲೈ 9ರಂದು ನ್ಯೂಯಾರ್ಕಿನ ಜನ ಬೌಲಿಂಗ್ ಗ್ರೀನ್ ಚೌಕದಲ್ಲಿದ್ದ ಮೂರನೇ ಜಾರ್ಜ್ ದೊರೆಯ ಪ್ರತಿಮೆಗೆ ಹಗ್ಗ ಬಿಗಿದು ಕೆಡವಿದರು. ಹೊರಗೆ ಚಿನ್ನದ ಲೇಪ, ಒಳಗೆಲ್ಲ ಸೀಸ. ಆ ಸೀಸದ ದೊಡ್ಡ ಪಾಲು ಕನೆಕ್ಟಿಕಟ್‌ನ ಲಿಚ್‌ಫೀಲ್ಡ್ ಊರಿಗೆ, ಆಲಿವರ್ ವುಲ್ಕಾಟ್ ಎಂಬ ಮುಖಂಡನ ಮನೆಗೆ ಬಂತು. ಮನೆಯ ಹೆಣ್ಣುಮಕ್ಕಳು, ಹುಡುಗರು, ಅಕ್ಕಪಕ್ಕದವರು ಸೇರಿ ಅದನ್ನು ಕರಗಿಸಿ ಬಂದೂಕಿನ ಗುಂಡುಗಳನ್ನು ಎರಕ ಹೊಯ್ದರು. ಯಾರು ಎಷ್ಟು ಮಾಡಿದರು ಎಂಬ ಲೆಕ್ಕ ಉಳಿದುಬಂದಿದೆ: ಒಟ್ಟು 42,088 ಗುಂಡು. ಅವುಗಳಲ್ಲಿ 936 ವುಲ್ಕಾಟ್‌ನ ಮಗ ಫ್ರೆಡರಿಕ್‌ನ ಹೆಸರಿನಲ್ಲಿವೆ. ಅವನಿಗೆ ಆಗಿನ್ನೂ ಹತ್ತು ತುಂಬಿರಲಿಲ್ಲ. ಅಮೆರಿಕದ ಚರಿತ್ರೆ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ, ಹೇಳಿಕೊಳ್ಳಲಿ. ಆದರೆ ಸೀಸದ ಬಗ್ಗೆ ಇಂದು ತಿಳಿದಿರುವುದನ್ನು ಇಟ್ಟುಕೊಂಡು ನೋಡಿದರೆ ಆ ಪಟ್ಟಿಯಲ್ಲಿ ನನ್ನ ಕಣ್ಣು ನಿಲ್ಲುವುದು ಆ ಹುಡುಗನ ಹೆಸರಿನ ಮೇಲೆ.

ಗುಂಡಿನ ಎರಕ ಅಮೆರಿಕದ ಮನೆಗಳಲ್ಲಿ ಇನ್ನೂ ನಡೆಯುತ್ತಿದೆ. ಗುರಿ ಅಭ್ಯಾಸ ಮಾಡುವವರು ಖರ್ಚು ಉಳಿಸಲು, ಹಳೆಯ ಕಾಲದ ಬಂದೂಕು ಇಟ್ಟುಕೊಂಡವರು ಅಂಗಡಿಯಲ್ಲಿ ಸಿಗದ ಅಳತೆಯ ಗುಂಡಿಗಾಗಿ ಗ್ಯಾರೇಜಿನಲ್ಲೋ ಹಿತ್ತಲ ಷೆಡ್ಡಿನಲ್ಲೋ ಸೀಸ ಕರಗಿಸುತ್ತಾರೆ. ಲೀ, ಲೈಮನ್, ಆರ್‌ಸಿಬಿಎಸ್ ಮುಂತಾದ ಕಂಪನಿಗಳು ಇದಕ್ಕೆಂದೇ ವಿದ್ಯುತ್ ಕುಲುಮೆ, ಅಚ್ಚು, ಸೌಟುಗಳನ್ನು ಮಾರುತ್ತವೆ. ಅಚ್ಚುಕೂಟದ ಲೈನೋಟೈಪ್ ಲೋಹಕ್ಕೂ ಈ ಜನರಲ್ಲಿ ಬಹಳ ಬೆಲೆ. ನೂರಕ್ಕೆ ಸುಮಾರು 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ ಸೇರಿದ ಗಟ್ಟಿ ಮಿಶ್ರಣ ಅದು; ನಮ್ಮ ಕನ್ನಡದ ಅಚ್ಚುಮೊಳೆಗಳೂ ಇದೇ ಕುಲದವು. ಭಾರತದಲ್ಲಿ ಮಾತ್ರ ಮದ್ದುಗುಂಡು ತಯಾರಿಕೆಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ಕೊಡಗಿನವರಿಗೆ ಇರುವ ವಿನಾಯಿತಿ ಬಂದೂಕು ಇಟ್ಟುಕೊಳ್ಳುವುದಕ್ಕೆ, ಗುಂಡು ತಯಾರಿಸುವುದಕ್ಕಲ್ಲ. ಹಾಗಾಗಿ ಈ ಬರಹ ಅಮೆರಿಕದಂಥ ಕಡೆ, ಕಾನೂನಿನ ಒಪ್ಪಿಗೆಯೊಳಗೆ ಈ ಹವ್ಯಾಸ ಹಿಡಿದವರ ಕೆಲಸದ ಜಾಗದ ಕುರಿತು.

ಆ ಜಾಗ ಆರಾಮವಾಗಿರಬೇಕು ಎಂದರೆ ಹಲವರಿಗೆ ಅದು ಸುಖಜೀವಿಗಳ ಮಾತೆನ್ನಿಸುತ್ತದೆ. ಮೊದಲು ಕುಲುಮೆ ಕೊಳ್ಳೋಣ, ಅಚ್ಚು ಕೊಳ್ಳೋಣ, ಕುರ್ಚಿ ಬೆಳಕು ಆಮೇಲೆ ಎನ್ನುತ್ತಾರೆ. ನನ್ನ ವಾದ ಇದಕ್ಕೆ ತದ್ವಿರುದ್ಧ. ಸೀಸದ ಕೆಲಸದಲ್ಲಿ ಆರಾಮವೇ ಮೊದಲ ಸುರಕ್ಷೆ, ಏಕೆಂದರೆ ಕಷ್ಟಪಡುತ್ತಿರುವ ಮನುಷ್ಯನ ಕೈ ತನಗೆ ತಾನೇ ಮುಖಕ್ಕೆ ಹೋಗುತ್ತದೆ. ಬೆವರಿದಾಗ ಹಣೆ ಒರೆಸಿಕೊಳ್ಳುತ್ತಾನೆ, ಹೊಗೆ ತಾಗಿದಾಗ ಕಣ್ಣುಜ್ಜಿಕೊಳ್ಳುತ್ತಾನೆ, ಬೆಳಕು ಸಾಲದಾಗ ಕನ್ನಡಕ ಸರಿಪಡಿಸುತ್ತಾನೆ, ದಣಿದಾಗ ಪಕ್ಕದ ಕಾಫಿ ಲೋಟಕ್ಕೆ ಕೈ ಚಾಚುತ್ತಾನೆ. ಮನೆಯಲ್ಲಿ ಎರಕ ಹೊಯ್ಯುವವನ ಮೈಗೆ ಸೀಸ ಸೇರುವ ದೊಡ್ಡ ದಾರಿ ಇದೇ, ಕೈಯಿಂದ ಬಾಯಿಗೆ.

ಸೀಸದ ಆವಿಯೇ ಅಪಾಯ, ಕಿಟಕಿ ತೆರೆದಿಟ್ಟರೆ ಮುಗಿಯಿತು ಎಂದು ನಂಬಿದವರು ಬಹಳ. ಇದಕ್ಕೆ ಎದುರಾಗಿ, ಆವಿಯೇ ಏಳುವುದಿಲ್ಲವಾದ್ದರಿಂದ ಅಪಾಯವೇ ಇಲ್ಲ ಎನ್ನುವವರೂ ಇದ್ದಾರೆ. ಎರಡನೆಯವರ ಮಾತಿನಲ್ಲಿ ಅರ್ಧ ನಿಜವಿದೆ. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಕುದಿಯುವುದು 1,749 ಡಿಗ್ರಿಯಲ್ಲಿ. ಎರಕದ ಕೆಲಸ ಸಾಮಾನ್ಯವಾಗಿ ನಡೆಯುವ 400 ಡಿಗ್ರಿಯ ಆಸುಪಾಸಿನಲ್ಲಿ ಏಳುವ ಆವಿ ತೀರಾ ಅತ್ಯಲ್ಪ. ಆದರೆ ಕರಗಿದ ಸೀಸದ ಮೇಲೆ ಗಾಳಿ ತಾಗಿ ಬೂದುಬಣ್ಣದ ಕಿಟ್ಟ ಕಟ್ಟುತ್ತದೆಯಲ್ಲ, ಅದರಲ್ಲಿರುವುದು ಸೀಸದ ಆಕ್ಸೈಡ್, ನುಣ್ಣನೆಯ ಪುಡಿ. ಸೌಟಿನಿಂದ ಕೆನೆಯಂತೆ ತೆಗೆದು ಡಬ್ಬಕ್ಕೆ ಸುರಿಯುವಾಗ ಅದು ಏಳುತ್ತದೆ, ಮೇಜಿನ ಮೇಲೆ, ತೋಳಿನ ಮೇಲೆ, ನೆಲದ ಮೇಲೆ ಕೂರುತ್ತದೆ. ಗಟ್ಟಿ ಸೀಸಕ್ಕಿಂತ ಈ ಪುಡಿ ದೇಹದೊಳಗೆ ಬೇಗ ಕರಗುತ್ತದೆ. ಹೊರಗಾಳಿಗೆ ತಳ್ಳುವ ಫ್ಯಾನು, ಕುಲುಮೆಯ ಮೇಲೊಂದು ಹೊಗೆಗೂಡು ಖಂಡಿತ ಬೇಕು. ಆದರೆ ಗಾಳಿ ಕುಲುಮೆಯಿಂದ ಹೊರಕ್ಕೆ ಹೋಗಬೇಕೇ ಹೊರತು ಕೂತವನ ಮುಖ ಹಾಯ್ದು ಹೋಗಬಾರದು. ಕೋಣೆಯೊಳಗೇ ಸುತ್ತುವ ಮೇಜಿನ ಫ್ಯಾನಂತೂ ಪುಡಿಯನ್ನು ಮೂಲೆಮೂಲೆಗೆ ಹಂಚುತ್ತದೆ.

ಇಲ್ಲಿಂದ ಮೇಜಿನ ಲೆಕ್ಕ ಶುರುವಾಗುತ್ತದೆ. ಗುಂಡಿನ ಎರಕಕ್ಕೆ ಒಂದು ಲಯವಿದೆ. ಅಚ್ಚು ಬಿಸಿಯಾಗಿಯೇ ಇರಬೇಕು. ಹೊಯ್ಯುವುದು ತಡವಾದರೆ ಅಚ್ಚು ಆರಿ ಗುಂಡು ಸುಕ್ಕುಗಟ್ಟುತ್ತದೆ, ಅವಸರವಾದರೆ ಅಚ್ಚು ಕಾದು ಗುಂಡಿನ ಮೈಮೇಲೆ ಇಬ್ಬನಿ ಬಿದ್ದಂಥ ಮಬ್ಬು ಮೂಡುತ್ತದೆ. ಕುಲುಮೆ, ಅಚ್ಚಿನ ಬಾಯಿಂದ ಕತ್ತರಿಸಿದ ಹೆಚ್ಚುವರಿ ಸೀಸದ ತುಂಡು ಬೀಳುವ ತಟ್ಟೆ, ಗುಂಡು ಇಳಿಸುವ ಮೆತ್ತನೆಯ ಬಟ್ಟೆ, ಈ ಮೂರೂ ಕೂತಲ್ಲಿಂದಲೇ ಮೊಣಕೈ ತಿರುಗಿಸಿದರೆ ಸಿಗುವಂತಿದ್ದರೆ ಲಯ ತಾನಾಗಿ ಉಳಿಯುತ್ತದೆ. ಎದ್ದು, ಬಾಗಿ, ಚಾಚಿ ಹುಡುಕುವ ಹಾಗಿದ್ದರೆ ಲಯ ಕೆಡುತ್ತದೆ, ಕೆಟ್ಟ ಗುಂಡುಗಳೆಲ್ಲ ಮತ್ತೆ ಕುಲುಮೆಗೆ ಹೋಗುತ್ತವೆ, ಮತ್ತೆ ಕಿಟ್ಟ, ಮತ್ತೆ ಪುಡಿ. ಅನಾನುಕೂಲ ಹೀಗೆ ವಿಷವನ್ನು ಹೆಚ್ಚಿಸುತ್ತದೆ. ಎತ್ತರದ ಮಾತೂ ಹಾಗೆಯೇ. ಕರಗಿದ ಲೋಹ ಕಣ್ಣಿನ ಮಟ್ಟಕ್ಕೆ ಏರಬಾರದು, ಚೆಲ್ಲಿದರೆ ತೊಡೆಯ ಮೇಲೆ ಬೀಳುವಂತೆಯೂ ಇರಬಾರದು. ಮೇಜು ಅಲುಗದಷ್ಟು ಭಾರವಿರಬೇಕು, ಏಕೆಂದರೆ ಹವ್ಯಾಸಿಗಳ ಕುಲುಮೆಯಲ್ಲೂ ಒಂಬತ್ತು ಕಿಲೋವರೆಗೆ ಸೀಸ ಹಿಡಿಯುತ್ತದೆ. ನೆಲ ನುಣುಪಾದ ಕಾಂಕ್ರೀಟೋ ಟೈಲ್ಸೋ ಆಗಿರಲಿ. ರತ್ನಗಂಬಳಿ ಹಾಸಿದ ಕೋಣೆ ಈ ಕೆಲಸಕ್ಕೆ ಬೇಡವೇ ಬೇಡ. ಪೊರಕೆಯೂ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಅದೂ ಕುಲುಮೆ ಪೂರ್ತಿ ಆರಿದ ಮೇಲೆ.

ಆರಿದ ಮೇಲೆ ಎಂದು ಒತ್ತಿ ಹೇಳಲು ಕಾರಣವಿದೆ. ನೀರಿನ ಒಂದು ಹನಿ ಕರಗಿದ ಸೀಸದ ಕೆಳಗೆ ಸಿಕ್ಕಿಬಿದ್ದರೆ ಕ್ಷಣದಲ್ಲಿ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಹಿಗ್ಗಿ ಉಗಿಯಾಗುತ್ತದೆ, ಕುಲುಮೆಯಲ್ಲಿದ್ದುದನ್ನೆಲ್ಲ ಮೇಲಕ್ಕೆ ಚಿಮ್ಮಿಸುತ್ತದೆ. ತೇವ ಹಿಡಿದ ಗಟ್ಟಿಯೊಂದನ್ನು ಕುಲುಮೆಗೆ ಹಾಕಿದರೆ ಸಾಕು. ಆದ್ದರಿಂದ ಕುಡಿಯುವ ನೀರು, ಕೈತೊಳೆಯುವ ನೀರು ಎರಡೂ ಕುಲುಮೆಯಿಂದ ದೂರವಿರಬೇಕು. ಕೈ ಮಾತ್ರ ತೊಳೆಯಲೇಬೇಕು, ಮನೆಯ ಬಾಗಿಲು ಮುಟ್ಟುವುದಕ್ಕೆ ಮುಂಚೆಯೇ. ತೊಟ್ಟಿ ಎಲ್ಲಿರಬೇಕು ಎಂಬ ಪ್ರಶ್ನೆಯೇ ಕೆಲಸದ ಜಾಗದ ನಕ್ಷೆಯಲ್ಲಿ ಮೊದಲು ಬಗೆಹರಿಯಬೇಕಾದದ್ದು. ಷೆಡ್ಡಿಗೂ ಮನೆಗೂ ನಡುವೆ ಎನ್ನುವುದು ನನ್ನ ಉತ್ತರ. ನಮ್ಮ ಹಳೆಯ ಅಡುಗೆಮನೆಗಳಲ್ಲಿ ಮುಸುರೆ ಎಂಬ ಕಟ್ಟುಪಾಡಿತ್ತು. ಅನ್ನ ಮುಟ್ಟಿದ ಕೈಯನ್ನು ತೊಳೆಯದೆ ಉಪ್ಪಿನಕಾಯಿ ಜಾಡಿ ಮುಟ್ಟುವಂತಿರಲಿಲ್ಲ. ಕೈ ಯಾವುದನ್ನು ಮುಟ್ಟಿತು, ಮುಂದೆ ಯಾವುದನ್ನು ಮುಟ್ಟಲಿದೆ ಎಂಬ ಎಚ್ಚರ ಅಜ್ಜಿಯರಿಗೆ ಸದಾ ಇರುತ್ತಿತ್ತು. ಸೀಸದ ಕೋಣೆಗೆ ಬೇಕಾದದ್ದು ಅಕ್ಷರಶಃ ಆ ಎಚ್ಚರ. ಕೈಗವಸು ಹಾಕಿದರೆ ಸಾಲದೇ ಎನ್ನುವವರಿಗೂ ಇದೇ ಉತ್ತರ. ಗವಸು ಬೆರಳನ್ನು ಸುಡದಂತೆ ಕಾಯುತ್ತದೆ. ಅದೇ ಗವಸಿನ ಕೈ ಬಾಗಿಲ ಹಿಡಿ, ಫೋನು, ಕಾರಿನ ಸ್ಟೀರಿಂಗ್ ಹಿಡಿದರೆ ಪುಡಿ ಅಲ್ಲೆಲ್ಲ ಇಳಿಯುತ್ತದೆ.

ದಶಕಗಳಿಂದ ಹೊಯ್ಯುತ್ತಿದ್ದೇವೆ, ನಮಗೇನೂ ಆಗಿಲ್ಲವಲ್ಲ ಎಂಬುದು ಹಳಬರ ಆಕ್ಷೇಪ. ಅದನ್ನು ಲಘುವಾಗಿ ತಳ್ಳಿಹಾಕಲಾರೆ; ಅಚ್ಚುಕಟ್ಟಾಗಿ ಕೆಲಸ ಮಾಡುವ ಅನೇಕರ ರಕ್ತದಲ್ಲಿ ಸೀಸ ಕಡಿಮೆಯೇ ಇರಬಹುದು. ಆದರೆ ಏನೂ ಆಗಿಲ್ಲ ಎಂದು ಮೈಯ ಅನಿಸಿಕೆಯಿಂದ ಹೇಳಲು ಬರುವುದಿಲ್ಲ. ರಕ್ತದಲ್ಲಿ ಸೇರಿದ ಸೀಸ ಅರ್ಧಕ್ಕೆ ಇಳಿಯಲು ಸುಮಾರು ಒಂದು ತಿಂಗಳು ಬೇಕು, ಮೂಳೆ ಸೇರಿದ್ದು ದಶಕಗಟ್ಟಲೆ ಅಲ್ಲೇ ಉಳಿಯುತ್ತದೆ. ರಕ್ತದೊತ್ತಡ ಏರುವುದು, ಮೂತ್ರಪಿಂಡ ಸೊರಗುವುದು ಸದ್ದಿಲ್ಲದೆ ನಡೆಯುತ್ತವೆ. ಮೇಲಾಗಿ ನಮಗೆ ಎಂಬ ಮಾತಿನಲ್ಲಿ ಮನೆಯ ಮಗು ಸೇರಿರುವುದಿಲ್ಲ. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರುವುದು ಸಣ್ಣ ಪಾಲು, ಮಕ್ಕಳ ದೇಹ ಅರ್ಧದವರೆಗೂ ಹೀರಬಲ್ಲದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಮಕ್ಕಳ ರಕ್ತದ ಎಚ್ಚರಿಕೆಯ ಮಟ್ಟವನ್ನು ಡೆಸಿಲೀಟರಿಗೆ 3.5 ಮೈಕ್ರೋಗ್ರಾಮಿಗೆ ಇಳಿಸಿತು. ಸುರಕ್ಷಿತ ಎನ್ನಬಹುದಾದ ಮಟ್ಟವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸೀಸದ ಕಾರ್ಖಾನೆಗಳ ಕಾರ್ಮಿಕರು ಬಟ್ಟೆ, ಚಪ್ಪಲಿ, ಕೂದಲಿನಲ್ಲಿ ಹೊತ್ತು ತಂದ ಧೂಳಿನಿಂದ ಅವರ ಮಕ್ಕಳ ರಕ್ತದಲ್ಲಿ ಸೀಸ ಏರಿದ್ದು ಮತ್ತೆಮತ್ತೆ ದಾಖಲಾಗಿದೆ. ಅದಕ್ಕಾಗಿಯೇ 1978ರ ಅಮೆರಿಕದ ಕಾರ್ಮಿಕ ಸುರಕ್ಷಾ ನಿಯಮ, ಗಾಳಿಯಲ್ಲಿ ಸೀಸ ಮಿತಿ ಮೀರುವ ಕಾರ್ಖಾನೆಗಳಲ್ಲಿ ಸ್ನಾನದ ಮನೆ, ಬಟ್ಟೆ ಬದಲಿಸುವ ಕೋಣೆ, ಊಟಕ್ಕೆ ಬೇರೆ ಜಾಗ ಇರಲೇಬೇಕೆಂದು ವಿಧಿಸಿತು. ಮನೆಯ ಷೆಡ್ಡಿಗೆ ಯಾವ ತಪಾಸಣಾಧಿಕಾರಿಯೂ ಬರುವುದಿಲ್ಲ. ಅಲ್ಲಿ ಮಾಲೀಕನೂ ಕಾರ್ಮಿಕನೂ ಅಧಿಕಾರಿಯೂ ಒಬ್ಬನೇ.

ಇಷ್ಟೆಲ್ಲ ವ್ಯವಸ್ಥೆಗೆ ಜಾಗವೆಲ್ಲಿ, ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಅಡುಗೆಮನೆಯ ಒಲೆಯೇ ಗತಿ ಎಂಬ ಮಾತಿಗೆ ರಾಜಿಯ ಉತ್ತರ ನನ್ನಲ್ಲಿಲ್ಲ. ಬೇರೆ ಜಾಗವಿಲ್ಲದವರು ತಯಾರಾದ ಗುಂಡು ಕೊಂಡುಕೊಳ್ಳಲಿ. ಒಲೆಯ ಮೇಲೆ ಸೀಸ ಕರಗಿಸಿದ ಪಾತ್ರೆ ಮತ್ತೆ ಸಾರಿನ ಪಾತ್ರೆಯಾಗಕೂಡದು, ಆ ಕೋಣೆ ಮತ್ತೆ ಊಟದ ಕೋಣೆಯಾಗುವುದೂ ಕಷ್ಟ. ಜಾಗ ಇದ್ದವರು ಕುಲುಮೆ ಕೊಳ್ಳುವ ಮೊದಲು ಕುರ್ಚಿ, ದೀಪ, ಫ್ಯಾನು, ತೊಟ್ಟಿ, ಅಲ್ಲೇ ಬಿಟ್ಟುಬರುವ ಅಂಗಿ ಚಪ್ಪಲಿಗಳಿಗೆ ಹಣ ಎತ್ತಿಡಿ. ಮೊದಲ ಎರಕ ಹೊಯ್ಯುವುದಕ್ಕೂ ಮುನ್ನ ರಕ್ತದಲ್ಲಿ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ, ಆ ಅಂಕಿಯನ್ನು ಷೆಡ್ಡಿನ ಗೋಡೆಯ ಮೇಲೆ ಬರೆದಿಡಿ. ವರ್ಷಕ್ಕೊಮ್ಮೆ ಅದರ ಕೆಳಗೆ ಹೊಸ ಅಂಕಿ ಬರೆಯಿರಿ. ಮನೆಯಲ್ಲಿ ಮಕ್ಕಳಿದ್ದರೆ ಅವರ ಅಂಕಿಯನ್ನೂ ಪಕ್ಕದಲ್ಲೇ ಬರೆಯಿರಿ.