ಅಪ್ಪನಿಗೆ ಹೆಂಚು, ಮಗನಿಗೆ ಮೋಲ್ಡು... ಹುಳಕ್ಕೆ ಯಾವುದು?

ದೊಡ್ಡಮಳೂರು: ಈ ಕಡೆ ಒಬ್ಬ ಮನೆ ಕಟ್ಟೋಕೆ ಶುರು ಮಾಡಿದ ಅಂದರೆ ಮುಗೀತು, ಊರೆಲ್ಲ ಇಂಜಿನಿಯರುಗಳೇ! ಚನ್ನಪಟ್ಟಣದ ಬಸ್ಸಿಗೆ ನಿಂತವರು ಕೂಡ "ಪಾಯ ಎಷ್ಟಡಿ ತೆಗೆಸಿದ್ರಿ?" ಅಂತ ಕೇಳದೆ ಬಸ್ಸು ಹತ್ತೋದಿಲ್ಲ. ಅಪ್ರಮೇಯಸ್ವಾಮಿ ಗುಡಿ ಪಾಯವೇ ಇಲ್ಲದೆ ಮರಳ ಮೇಲೆ ನಿಂತಿದೆ ಎಂಬ ಪ್ರತೀತಿ ಇಲ್ಲಿದೆ. ಅದು ದೇವರ ಮನೆ ಸ್ವಾಮಿ, ನಡೆಯುತ್ತೆ. ನಾವು ನೀವು ಗಟ್ಟಿ ನೆಲ ಸಿಗೋವರೆಗೂ ಅಗೆಯಲೇಬೇಕು.

ಪಾಯ ಆಯಿತು, ಬಾಗಿಲು ನಿಲ್ಲಿಸಿದ್ದಾಯಿತು, ಗೋಡೆ ಎದ್ದಿತು. ಅಲ್ಲೀತನಕ ತಕರಾರಿಲ್ಲ. ಬೆಂಗಳೂರಲ್ಲಿ ಕೆಲಸಕ್ಕಿರುವ ಮಗನಿಗೆ ದಿನಾ ಸಂಜೆ ಮೊಬೈಲಿನಲ್ಲಿ ಫೋಟೋ ಹೋಗುತ್ತೆ, ಅವನೂ ಖುಷಿ. ಸೂರಿನ ಮಾತು ಬಂತೋ, ಶುರುವಾಯಿತು ರಾಮಾಯಣ!

ಅಪ್ಪನಿಗೆ ಹೆಂಚೇ ಆಗಬೇಕು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದದ್ದು ಮಂಗಳೂರು ಹೆಂಚು. ಅದಕ್ಕೂ ಮುಂಚೆ ನಮ್ಮ ಕಡೆ ಕುಂಬಾರರ ನಾಡಹೆಂಚು. ಮುಂದೆ ಜಗಲಿ, ನಡುವೆ ತೊಟ್ಟಿ. "ಬೇಸಿಗೇಲಿ ಫ್ಯಾನಿಲ್ಲದೆ ಮಲಗಿದ್ದೀವಿ ಕಣೋ" ಅಂತಾರೆ. ಮಗ ಕೇಳೋ ಪ್ರಶ್ನೆ ಒಂದೇ: "ಈ ಕಾಲದಲ್ಲಿ ಹೆಂಚಿನ ಮನೆಗೆ ಯಾರಪ್ಪ ಹೆಣ್ಣು ಕೊಡ್ತಾರೆ?" ತಾಯಿ ಗಂಡನ ಕಡೆ ನಿಲ್ತಾರೆ ಅಂದುಕೊಂಡರೆ ಅದೂ ಸುಳ್ಳು. ರಾಗಿ ಒಣಗಿಸೋಕೆ, ಹಪ್ಪಳ ಹಾಕೋಕೆ ತಾರಸಿ ಬೇಕು. ವರ್ಷಾ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸೋ ಆಳು ಎಲ್ಲಿದ್ದಾನೆ ಈಗ? ಕೋತಿ ಒಡೆದ ಹೆಂಚಿನ ಲೆಕ್ಕ ಬೇರೆ.

ಇದು ಬರೀ ಅಂದಚೆಂದದ ಜಗಳ ಅಂದುಕೊಳ್ಳಬೇಡಿ. ಇದು ರೇಷ್ಮೆ ನಾಡು. ಹಿಂದೆ ಹುಳವೂ ಜನವೂ ಒಂದೇ ಸೂರಿನಡಿ. ಪಡಸಾಲೆ ಗೋಡೆಗೆ ಚಂದ್ರಂಕಿ ಒರಗಿಸಿ ಪಕ್ಕದಲ್ಲೇ ಚಾಪೆ ಹಾಸೋರು. ನಾಲ್ಕನೇ ಜ್ವರ ಎದ್ದ ಹುಳಕ್ಕೆ 24-25 ಡಿಗ್ರಿ ಶಾಖ, ನೂರಕ್ಕೆ 70ರಷ್ಟು ತೇವ ಇರಬೇಕು. ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತೆ. ಮೋಲ್ಡ್ ಹಾಕಿದ ತಾರಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಕಕ್ಕುತ್ತೆ. ಏಪ್ರಿಲ್ ತಿಂಗಳಲ್ಲಿ ಅದರ ಕೆಳಗೆ ಹುಳ ಮೇಯಿಸಿದರೆ ಗೂಡಿನ ಗತಿ ಏನು?

ಹಾಗಂತ ಅಪ್ಪನೇ ಗೆದ್ದ ಅನ್ನೋ ಹಾಗೂ ಇಲ್ಲ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣಕ್ಕೂ ಆ ಸಂದಿಯೇ ಬಾಗಿಲು. ಒಂದು ನೊಣ ಒಳಗೆ ಬಂದು ಹುಳದ ಮೈಮೇಲೆ ಮೊಟ್ಟೆ ಇಟ್ಟಿತೋ, ಆ ಹುಳದ ಕಥೆ ಮುಗಿದಂತೆ. ಇಲಿ ಕಾಟ ಹೇಳೋದೇ ಬೇಡ.

ಅದಕ್ಕೇ ರೇಷ್ಮೆ ಇಲಾಖೆಯವರು ಹುಳದ ಮನೆ ಬೇರೆಯೇ ಕಟ್ಟಿ ಅನ್ನೋದು, ಅದಕ್ಕೆ ಸಹಾಯಧನ ಕೊಡೋದು. ಜಾಗ ಇದ್ದವರು ಹಾಗೇ ಮಾಡಲಿ: ಜನಕ್ಕೆ ತಾರಸಿ, ಹುಳಕ್ಕೆ ತೋಟದಲ್ಲಿ ಎತ್ತರದ ಗೋಡೆಯ ಮನೆ, ಕಿಟಕಿ ಬಾಗಿಲಿಗೆಲ್ಲ ಸಣ್ಣ ಕಣ್ಣಿನ ಜಾಲರಿ, ಸೂರಿನ ಮೇಲೆ ತೆಂಗಿನ ಗರಿ. ಉದ್ದ ಪೂರ್ವ ಪಶ್ಚಿಮಕ್ಕಿದ್ದರೆ ಉದ್ದನೆ ಗೋಡೆಗೆ ಬಿಸಿಲು ಕಮ್ಮಿ. (ವಾಸ್ತು ಹೇಳೋರು ಇದಕ್ಕೂ ಏನಾದರೊಂದು ಕೊಂಕು ತೆಗೀತಾರೆ, ಬಿಡಿ.) ಸಹಾಯಧನದ ಮಾತು ಮಾತ್ರ ಪಾಯ ತೆಗೆಯೋ ಮುಂಚೆಯೇ ಕಚೇರಿಗೆ ಹೋಗಿ ಕೇಳಿ. ಸೂರು ಮುಚ್ಚಿದ ಮೇಲೆ ಅರ್ಜಿ ಹಿಡಿದು ಅಲೆಯೋದು ಯಾಕೆ?

ಜಾಗ ಇಲ್ಲದವರ ಪಾಡು ಕಷ್ಟ. 30-40ರ ಸೈಟಿನಲ್ಲಿ ಜನ ಇರಬೇಕೋ, ಹುಳ ಇರಬೇಕೋ? ಅಂಥ ಕಡೆ ಕೆಳಗೆ ಮೋಲ್ಡು, ಮಹಡಿ ಮೇಲೆ ಹೆಂಚು ಹೊದಿಸಿ ಹುಳದ ಮನೆ ಅಂತ ರಾಜಿ ಮಾಡಿಕೊಂಡರೆ ಅಪ್ಪನ ಮಾತೂ ಉಳೀತು, ಮಗನದೂ. ತಾಯಿ ರಾಗಿಗೆ ಮಾತ್ರ ಬೇರೆ ಜಾಗ ಹುಡುಕಬೇಕು.

ಒಂದು ಎಚ್ಚರಿಕೆ: ಹುಳ ಮೇಯುತ್ತಿರುವಾಗ ಪೇಂಟಿನವರನ್ನು ಕರೆಸಬೇಡಿ, ಆ ವಾಸನೆ ಹುಳಕ್ಕೆ ಆಗಿಬರೋದಿಲ್ಲ. ಹಣ್ಣಾದ ಹುಳ ಗೂಡು ಕಟ್ಟಿ, ಗೂಡು ರಾಮನಗರದ ಮಾರುಕಟ್ಟೆ ಸೇರಿ ದುಡ್ಡು ಕೈಗೆ ಬರಲಿ. ಆಮೇಲೆ ಯಾವ ಬಣ್ಣ ಅಂತ ಜಗಳ ಆಡೋಕೆ ಬೇಕಾದಷ್ಟು ಟೈಮಿದೆ.