ಡೀಸೆಲ್ಲಿನ ಜಾಡು ಹಿಡಿಯುವ ಮಿಸ್ತ್ರಿ

ಮುಂಗಾರಿನ ಮಳೆ ಬಿದ್ದು ನೆಲ ಹದಕ್ಕೆ ಬಂತೆಂದರೆ ಬೀದರ್ ಸೀಮೆಯ ರೈತನ ಕೈಯಲ್ಲಿರುವುದು ಕೆಲವೇ ದಿನ. ಹೆಸರು, ಉದ್ದು, ಸೋಯಾ, ತೊಗರಿ ಎಲ್ಲವೂ ಅಷ್ಟರೊಳಗೆ ಮಣ್ಣು ಸೇರಬೇಕು. ಆ ದಿನಗಳಲ್ಲೇ ಅಷ್ಟೂರಿನ ಕಡೆಯ ಹೊಲವೊಂದರಲ್ಲಿ, ಸಿಡಿಲು ಬಡಿದು ಸೀಳಿದ ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟ ಕಾಣುವಷ್ಟು ದೂರದಲ್ಲಿ, ಟ್ರ್ಯಾಕ್ಟರ್ ನಿಂತುಬಿಟ್ಟರೆ ರೈತ ಮಿಸ್ತ್ರಿಗೆ ಫೋನ್ ಹಚ್ಚುತ್ತಾನೆ: "ಗಾಡಿ ಎಳೀಲತಿಲ್ಲ ನೋಡಪ್ಪಾ."

ಬಲ್ಲ ಮಿಸ್ತ್ರಿ ಪಾನಾ ಹಿಡಿಯುವ ಮೊದಲು ಕೇಳುವ ಪ್ರಶ್ನೆ ಒಂದಿದೆ. "ಒಮ್ಮೆಲೇ ಬಂದ್ ಆಯ್ತೇನ್ರಿ ಕಾಕಾ, ಇಲ್ಲಾ ಹೊಯ್ದಾಡಿ ಹೊಯ್ದಾಡಿ ಬಂದ್ ಆಯ್ತು?" ತಟ್ಟನೆ ನಿಂತಿದ್ದರೆ ಆತ ಮೊದಲು ನೋಡುವುದು ಎಂಜಿನ್ ಬಂದ್ ಮಾಡುವ ಕೇಬಲ್ಲು ಅಥವಾ ಸೊಲೆನಾಯ್ಡ್. ಸದ್ದು ಏರಿ ಇಳಿದು, ಭಾರ ಬಿದ್ದಾಗ ಸೊರಗಿ ನಿಂತಿದ್ದರೆ ಎಂಜಿನ್ನಿಗೆ ಡೀಸೆಲ್ ಸಾಲುತ್ತಿಲ್ಲ. ಅರ್ಧ ರೋಗ ಈ ಉತ್ತರದಲ್ಲೇ ಗೊತ್ತಾಗುತ್ತದೆ. ಉಳಿದರ್ಧ ಹೊಗೆಯಲ್ಲಿದೆ. ಸ್ಟಾರ್ಟರ್ ತಿರುಗುವಾಗ ಸೈಲೆನ್ಸರಿನಿಂದ ಹೊಗೆಯೇ ಬರದಿದ್ದರೆ ಸಿಲಿಂಡರಿಗೆ ಡೀಸೆಲ್ ಮುಟ್ಟುತ್ತಿಲ್ಲ. ಬಿಳಿ ಹೊಗೆ ಬಂದೂ ಎಂಜಿನ್ ಹತ್ತದಿದ್ದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಹುಡುಕಬೇಕಾದ ಜಾಗವೇ ಬೇರೆ.

ಡೀಸೆಲ್ಲಿನ ದಾರಿ ಉದ್ದದ್ದೇನಲ್ಲ. ಟ್ಯಾಂಕಿನಿಂದ ಕಾಕ್, ಅಲ್ಲಿಂದ ಗಾಜಿನ ಬಟ್ಟಲು, ಫೀಡ್ ಪಂಪ್, ಎರಡು ಫಿಲ್ಟರ್, ಆಮೇಲೆ ಡೀಸೆಲ್ಲನ್ನು ಒತ್ತಡದಲ್ಲಿ ಮುಂದೆ ತಳ್ಳುವ ದೊಡ್ಡ ಪಂಪು, ಕೊನೆಗೆ ನೋಜಲ್. ನೌಬಾದಿನಲ್ಲಿ ಬಹಮನಿಗಳ ಕಾಲದ ಸುರಂಗ ಬಾವಿಯನ್ನು ಕಂಡವರಿಗೆ ಈ ಕಸುಬಿನ ತರ್ಕ ಬೇಗ ಹಿಡಿಸುತ್ತದೆ. ನೆಲದಡಿಯ ಕಾಲುವೆಯಲ್ಲಿ ನೀರು ಎಲ್ಲಿ ತಡೆದಿದೆ ಎಂದು ತಿಳಿಯಬೇಕಾದರೆ ಮೇಲಿನ ಕಿಂಡಿಯಿಂದ ಕಿಂಡಿಗೆ ಇಣುಕುತ್ತ ಹೋಗಬೇಕು. ಮಿಸ್ತ್ರಿಯೂ ಟ್ಯಾಂಕಿನಿಂದ ಹೊರಟು ಒಂದೊಂದು ಜೋಡಣೆ ಬಿಚ್ಚಿ, ಇಲ್ಲಿಯವರೆಗೆ ಬಂದಿದೆಯೇ ಎಂದು ನೋಡುತ್ತ ಹೋಗುತ್ತಾನೆ. ಬಂದ ಕೂಡಲೇ ಪಂಪಿಗೆ ಕೈಹಾಕುವವನನ್ನು ನಾನು ಮಿಸ್ತ್ರಿ ಎನ್ನುವುದಿಲ್ಲ.

ಮೊದಲ ತಪಾಸಣೆಗೆ ಖರ್ಚೇ ಇಲ್ಲ. ಅರ್ಧ ತಾಸು ಚೆನ್ನಾಗಿ ಓಡಿ ನಿಲ್ಲುವ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುವ ಗಾಡಿಯ ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ 'ಸುಸ್' ಎಂದು ಗಾಳಿ ಒಳಗೆ ನುಗ್ಗಿದರೆ, ಮುಚ್ಚಳದ ಗಾಳಿತೂತು ಮಣ್ಣಿನಿಂದ ಕಟ್ಟಿದೆ ಎಂದರ್ಥ. ಡೀಸೆಲ್ ಇಳಿದ ಜಾಗಕ್ಕೆ ಗಾಳಿ ಬರದೆ ಟ್ಯಾಂಕು ತನ್ನ ಡೀಸೆಲ್ಲನ್ನು ತಾನೇ ಹಿಡಿದಿಟ್ಟುಕೊಂಡಿರುತ್ತದೆ.

ಇನ್ನು ಗಾಜಿನ ಬಟ್ಟಲು. ಬಿಸಿಲಿಗೆ ಹಿಡಿದರೆ ಮೇಲೆ ಹೊಂಬಣ್ಣದ ಡೀಸೆಲ್, ತಳದಲ್ಲಿ ಅಲುಗಾಡುವ ನೀರಿನ ಗುಂಡುಗಳು, ಅವುಗಳ ಕೆಳಗೆ ತುಕ್ಕಿನ ಕೆಂಪು ಪುಡಿ. ನೀರು ಡೀಸೆಲ್ಲಿಗಿಂತ ಭಾರ, ಹಾಗಾಗಿ ತಳ ಸೇರುತ್ತದೆ. ಈ ನೀರನ್ನು ಯಾರೂ ಸುರಿದದ್ದಲ್ಲ. ಅರೆಖಾಲಿ ಟ್ಯಾಂಕಿನೊಳಗಿನ ಗಾಳಿ ರಾತ್ರಿ ತಣಿದು ಗೋಡೆಗೆ ಕೂತ ಹನಿಗಳೇ ಇಲ್ಲಿಗೆ ಬಂದಿರುತ್ತವೆ. ಹಳೆಯ ಕ್ಯಾನಿನಿಂದ ಸೋಸದೆ ಸುರಿದ ಡೀಸೆಲ್ಲಿನ ಪಾಲೂ ಇದ್ದೀತು.

ನಿಜವಾಗಿ ಕಾಡುವ ರೋಗ ಗಾಳಿಯದು. 'ಏರ್ ಹಿಡಿದಿದೆ' ಎನ್ನುತ್ತಾರೆ. ನೋಜಲ್ ತೆರೆಯಲು ವಾತಾವರಣದ ಸುಮಾರು ಇನ್ನೂರು ಪಟ್ಟು ಒತ್ತಡ ಬೇಕು. ಡೀಸೆಲ್ ಹೆಚ್ಚುಕಡಿಮೆ ಕುಗ್ಗುವುದಿಲ್ಲ, ಆದ್ದರಿಂದ ಒತ್ತಿದ ಬಲವೆಲ್ಲ ನೋಜಲ್ಲಿಗೆ ಮುಟ್ಟುತ್ತದೆ. ನಡುವೆ ಗಾಳಿಗುಳ್ಳೆ ಕೂತರೆ ಅದು ಕುಗ್ಗಿ ಹಿಗ್ಗಿ ಆ ಬಲವನ್ನು ನುಂಗಿಬಿಡುತ್ತದೆ. ಗಾಳಿ ತೆಗೆಯುವುದು ನೋಡುವಂಥ ಕೆಲಸ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಫೀಡ್ ಪಂಪನ್ನು ಕೈಯಿಂದ ಒತ್ತುತ್ತ ಹೋದರೆ ಮೊದಲು ನೊರೆ, ಆಮೇಲೆ ಗುಳ್ಳೆ ಬೆರೆತ ಡೀಸೆಲ್, ಕೊನೆಗೆ ಗಾಜಿನ ಕಡ್ಡಿಯಂತೆ ಒಂದೇ ಧಾರೆ. ಆ ಕ್ಷಣಕ್ಕೆ, ಒತ್ತಿದ ಕೈ ತೆಗೆಯದೆಯೇ, ಸ್ಕ್ರೂ ಬಿಗಿಯಬೇಕು. ಆಮೇಲೆ ಪಂಪಿನ ಸರದಿ, ಕಡೆಗೆ ನೋಜಲ್ ನಟ್ಟುಗಳದು.

ಆದರೆ ಗಾಳಿ ಮರುದಿನ ಮತ್ತೆ ಹಿಡಿದರೆ? ಇಲ್ಲಿಯೇ ಮಿಸ್ತ್ರಿಯ ಪರೀಕ್ಷೆ. ಫೀಡ್ ಪಂಪಿನ ಆಚೆ ಬಿರುಕಿದ್ದರೆ ಡೀಸೆಲ್ ಹೊರಗೆ ಜಿನುಗುತ್ತದೆ, ಬೆರಳಿಗೆ ಅಂಟುತ್ತದೆ. ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಬಿರುಕಿದ್ದರೆ ಎಂಜಿನ್ ಓಡುವಾಗ ಹನಿಯೂ ಹೊರಬರದೆ ಗಾಳಿ ಒಳಗೆ ಎಳೆಯಲ್ಪಡಬಹುದು. ಒಣಗಿದ ರಬ್ಬರ್ ಪೈಪು, ಮತ್ತೆ ಮತ್ತೆ ಬಳಸಿದ ತಾಮ್ರದ ವಾಷರು, ಇಷ್ಟೇ ಸಾಕು. ಅಲ್ಲಿ ತುಸು ಹೊತ್ತು ಪಾರದರ್ಶಕ ಪೈಪು ಹಾಕಿ ಓಡಿಸಿದರೆ ಗುಳ್ಳೆಗಳು ಸಾಲಾಗಿ ಹೋಗುವುದು ಕಣ್ಣಿಗೇ ಕಾಣುತ್ತದೆ. ಇನ್ನೊಂದು ಉಪಾಯ, ಟ್ಯಾಂಕನ್ನೇ ಬಿಟ್ಟು, ಎತ್ತರಕ್ಕಿಟ್ಟ ಶುದ್ಧ ಡೀಸೆಲ್ಲಿನ ಕ್ಯಾನಿನಿಂದ ಫೀಡ್ ಪಂಪಿಗೆ ನೇರ ಪೈಪು ಕೊಡುವುದು. ಗಾಡಿ ಸರಿಯಾಗಿ ಓಡಿದರೆ ರೋಗ ಹಿಂದಿದೆ, ಪಂಪು ನಿರಪರಾಧಿ.

ಆ ಪಂಪಿನ ವಿಚಾರಕ್ಕೆ ಬಂದರೆ, ಕರ್ನಾಟಕದವರಿಗೆ ಅದರ ಮೇಲೊಂದು ಹಕ್ಕಿದೆ. ಜರ್ಮನಿಯ ಬಾಷ್ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರುಮಾಡಿದ ಡೀಸೆಲ್ ಪಂಪು ನಮ್ಮಲ್ಲಿ ಹುಟ್ಟತೊಡಗಿದ್ದು ಬೆಂಗಳೂರಿನ ಆಡುಗೋಡಿಯ ಮೈಕೋದಲ್ಲಿ. 1951ರಲ್ಲಿ ಸ್ಥಾಪನೆಯಾದ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು, ಹಳೆಯ ಮಿಸ್ತ್ರಿಗಳ ಬಾಯಲ್ಲಿ ಮಾತ್ರ ಅದು 'ಮೈಕೋ ಪಂಪು' ಆಗಿಯೇ ಉಳಿಯಿತು. ಅದರೊಳಗಿನ ಪ್ಲಂಜರಿಗೂ ಬ್ಯಾರೆಲ್ಲಿಗೂ ನಡುವಿನ ಸಂದು ಕೆಲವೇ ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಕಿರಿದು. ಅದಕ್ಕೆ ಜಾರುವ ಎಣ್ಣೆ ಡೀಸೆಲ್ಲೇ. ನೀರು ಹೊಕ್ಕರೆ ಆ ಹೊಳಪು ಮೈ ಗೀರಿಹೋಗುತ್ತದೆ. ಅಂಥ ಪಂಪನ್ನು ಹೊಲದ ಬದುವಿನಲ್ಲಿ ಬಿಚ್ಚುವುದು ಅಪರಾಧ. ಪಂಪ್ ರೂಮಿನಲ್ಲಿ, ಬೆಂಚಿಗೆ ಕಟ್ಟಿ, ಪ್ರತಿ ಸಿಲಿಂಡರಿಗೂ ಎಷ್ಟು ಡೀಸೆಲ್ ಹೋಗುತ್ತದೆಂದು ಗಾಜಿನ ನಳಿಕೆಯಲ್ಲಿ ಅಳೆದೇ ಅದನ್ನು ಸರಿಮಾಡಬೇಕು.

ಒಂದು ಎಚ್ಚರಿಕೆ. ನೋಜಲ್ ಕಡೆಯ ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಬಾರದು, ರಟ್ಟಿನ ತುಂಡು ಹಿಡಿಯಬೇಕು. ಆ ಧಾರೆ ಚರ್ಮ ತೂರಿ ಒಳಹೋದರೆ ಗಾಯ ಸೂಜಿಮೊನೆಯಷ್ಟೇ ಕಂಡರೂ ಬೆರಳೇ ಹೋಗಬಹುದು. ತಡಮಾಡದೆ ಆಸ್ಪತ್ರೆಗೆ ಓಡಬೇಕು. ಹೊಸ ಗಾಡಿಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು: 2023ರ ಜನವರಿಯಿಂದ 50 ಎಚ್‌ಪಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಬಂದ ಹೊಗೆ ನಿಯಮದಿಂದಾಗಿ ಕಾಮನ್ ರೇಲ್ ಎಂಬ ಡೀಸೆಲ್ ವ್ಯವಸ್ಥೆ ಹಳ್ಳಿಗೂ ಕಾಲಿಟ್ಟಿದೆ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ, ಓಡುವ ಎಂಜಿನ್ನಿನಲ್ಲಿ ನಟ್ಟು ಸಡಿಲಿಸುವ ಹಳೆಯ ರೂಢಿ ಅಲ್ಲಿ ಸಲ್ಲದು.

ರೈತ ಬಂಧುಗಳೇ, ಬಿತ್ತನೆಗೆ ಮೊದಲೇ ಎರಡೂ ಫಿಲ್ಟರ್ ಬದಲಿಸಿರಿ, ಬಟ್ಟಲಿನ ನೀರು ಇಳಿಸಿರಿ, ಸಂಜೆ ಗಾಡಿ ನಿಲ್ಲಿಸುವಾಗ ಟ್ಯಾಂಕು ತುಂಬಿಸಿಡಿರಿ. ಟ್ಯಾಂಕಿನ ಮುಚ್ಚಳದಿಂದ ಹುಡುಕಲು ಶುರುಮಾಡುವ ಮಿಸ್ತ್ರಿ ಊರಲ್ಲಿದ್ದರೆ, ನಿಮ್ಮ ಮಗನನ್ನು ಒಂದು ಹಂಗಾಮು ಅವನ ಜೊತೆ ಕಳಿಸಿರಿ.